ಕಚ್ಚದೆ ತರುವ ಬಾಯಿ

ಕೆರಗೋಡಿನ ಮನೆಯೊಂದರಲ್ಲಿ ಸಾಕಿದ ಲ್ಯಾಬ್ರಡಾರ್ ನಾಯಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಹ್ಯಾಟೆಯನ್ನು ಬಾಯಲ್ಲಿ ಹಿಡಿದು ತಂದು, ಯಜಮಾನರ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿತು. ಅವರು ಕೈಗೆ ಸಿಕ್ಕ ಕೋಲಿನಿಂದ ಎರಡು ಬಾರಿಸಿದರು. ಕೆಳಗೆ ಬಿದ್ದ ಕೋಳಿ ರೆಕ್ಕೆ ಕೊಡವಿಕೊಂಡು ಓಡಿತು. ಮೈಯೆಲ್ಲ ಜೊಲ್ಲು, ಆದರೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಕಳ್ಳತನವೆಂದು ಏಟು ತಿಂದ ಆ ನಾಯಿ ಮಾಡಿದ್ದು ತನ್ನ ಕುಲಕಸುಬನ್ನು.

ಲ್ಯಾಬ್ರಡಾರಿನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆಗಿದ್ದ ನಾಯಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತರು ಅವನ್ನು ತರಿಸಿಕೊಂಡು ಬೆಳೆಸಿದರು. ಕೋವಿ ಸುಧಾರಿಸಿದಂತೆ ಹಕ್ಕಿಗಳು ದೂರದಲ್ಲಿ, ಪೊದೆಯಲ್ಲಿ, ನೀರಿನಲ್ಲಿ ಬೀಳತೊಡಗಿದ್ದವು. ಅವನ್ನು ಹುಡುಕಿ, ಜಜ್ಜದೆ ತಂದು ಕೈಗೆ ಕೊಡುವ ನಾಯಿ ಬೇಕಿತ್ತು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಲ್ಯಾಬ್ರಡಾರನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು.

ತರುವ ಚಪಲ ಹುಟ್ಟಿನಿಂದ ಬಂದರೂ ಕೊಡುವ ಬುದ್ಧಿಯನ್ನು ಕಲಿಸಬೇಕು. ಮರಿಗೆ ಮೊದಲು ಎಸೆಯುವುದು ಕ್ಯಾನ್ವಾಸಿನ ಸಣ್ಣ ಸುರುಳಿ. ಅದು ರೂಢಿಯಾದ ಮೇಲೆ ಸುರುಳಿಗೆ ಹಕ್ಕಿಯ ರೆಕ್ಕೆ ಕಟ್ಟುತ್ತಾರೆ. ಗರಿ ಬಾಯಿಗೆ ಅಂಟುವುದು ಅನೇಕ ನಾಯಿಗಳಿಗೆ ಒಗ್ಗದು. ಅದರಲ್ಲೂ ಪಾರಿವಾಳದ ಗರಿ ಸುಲಭವಾಗಿ ಉದುರಿ ನಾಲಿಗೆಗೆ ಮೆತ್ತಿಕೊಳ್ಳುತ್ತದೆ. ನಂತರ ಸತ್ತು ತಣ್ಣಗಾದ ಇಡೀ ಹಕ್ಕಿ. ರೆಕ್ಕೆ ಜೋಲಿ ಬಿದ್ದು ನಾಯಿಯ ಕಣ್ಣಿಗೆ ಬಡಿಯದಂತೆ ಅದನ್ನು ಮೈಗೆ ಸೇರಿಸಿ ಕಟ್ಟಿರುತ್ತಾರೆ. ಆಗತಾನೆ ಸತ್ತ ಬಿಸಿ ಹಕ್ಕಿಯ ಸರದಿ ಆಮೇಲೆ. ಗಾಯಗೊಂಡು ಓಡುವ ಹಕ್ಕಿ ಕಟ್ಟಕಡೆಗೆ. ಏಕೆಂದರೆ ಒದ್ದಾಡುವ ಜೀವ ಬಾಯಲ್ಲಿದ್ದಾಗ ದವಡೆ ತಾನಾಗಿ ಬಿಗಿಯುತ್ತದೆ. ಆ ಒಂದು ಕ್ಷಣ ಬಿಗಿಯದಿರುವುದೇ ಇಷ್ಟು ಪಾಠದ ಗುರಿ. ನಾಯಿ ತಂದ ಹಕ್ಕಿಯ ಪಕ್ಕೆಲುಬನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಮುರಿದಿದ್ದರೆ ಅದು ‘ಗಡಸು ಬಾಯಿ’ಯ ನಾಯಿ.

ನಮ್ಮ ಸೀಮೆಯ ಬೇಟೆನಾಯಿಯ ಕೀರ್ತಿ ಇದಕ್ಕೆ ನೇರ ವಿರುದ್ಧ. ಕೆರಗೋಡು ಇರುವ ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಕ್ರಿ.ಶ. 949-50ರ ಅಲ್ಲಿನ ಶಾಸನ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೆರನಿಗೆ ಬೇಕಾದ್ದನ್ನು ಕೇಳಿಕೊಳ್ಳುವ ಅವಕಾಶ ಸಿಕ್ಕಾಗ ಅವನು ಕೇಳಿದ್ದು ಅರಸನ ನಾಯಿ ಕಾಳಿಯನ್ನು. ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯೊಂದಕ್ಕೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಾಳಿಗಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವನು ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂಬ ಎಚ್ಚರಿಕೆಯೂ ಉಂಟು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಹಿಡಿದದ್ದನ್ನು ಸಾಯುವವರೆಗೆ ಬಿಡದಿದ್ದುದೇ ಕಾಳಿಯ ಹಿರಿಮೆ. ಮುಧೋಳ ನಾಯಿಯೂ ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿ ಹಿಡಿಯುವ ತಳಿಯೇ. ಹಕ್ಕಿ ಬೇಟೆಗೆ ನಮ್ಮ ಅರಸರು ಡೇಗೆಯನ್ನು ನೆಚ್ಚಿದ್ದರು. ಹನ್ನೆರಡನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಡೇಗೆಗೂ ನಾಯಿಗೂ ಬೇರೆ ಬೇರೆ ಅಧ್ಯಾಯಗಳಿವೆ. ನಾಯಿಯನ್ನು ಛೂ ಬಿಡುವುದು ನಮ್ಮ ಮಾತಿನಲ್ಲಿ ಗಾದೆಯಷ್ಟು ಹಳೆಯದು. ‘ತಂದುಕೊಡು’ ಎನ್ನಲು ಅಷ್ಟೇ ಚುಟುಕಾದ ಪದ ಮಾತ್ರ ನನಗೆ ಸಿಗಲಿಲ್ಲ.

ಈಗ ಕೆರಗೋಡಿನ ಬಯಲಿನಲ್ಲಿ ಕೌಜುಗ ಹೊಡೆದು ನಾಯಿಗೆ ಪಾಠ ಹೇಳುತ್ತೇನೆಂದರೆ ನಡೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಸಣ್ಣ ಬೇಟೆಗೆ ಉಳಿದಿದ್ದ ಪರವಾನಗಿಯ ಬಾಗಿಲನ್ನೂ 1991ರ ತಿದ್ದುಪಡಿ ಮುಚ್ಚಿತು. ಸಾಕಿದ ಕೋಳಿಯೋ ಪಾರಿವಾಳವೋ ಇದೆಯಲ್ಲ ಎನ್ನುವಂತೆಯೂ ಇಲ್ಲ. ಮೋಜಿಗಾಗಿ ಒಂದು ಪ್ರಾಣಿಯನ್ನು ಇನ್ನೊಂದಕ್ಕೆ ಬೇಟೆಯಾಗುವಂತೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ. ನ್ಯಾಯವೂ ಅದೇ. ನಾಯಿಯ ಬಾಯಿ ಮೆತ್ತಗಾಗಲೆಂದು ಹಕ್ಕಿ ಏಕೆ ನರಳಬೇಕು?

ತರುವ ಚಪಲ ಮಾತ್ರ ರಕ್ತದಲ್ಲಿ ಉಳಿದೇ ಇದೆ. ಪೊಲೀಸರ ಶ್ವಾನದಳ ಅದನ್ನೇ ಬಳಸಿಕೊಳ್ಳುತ್ತದೆ. ಸ್ಫೋಟಕದ ವಾಸನೆ ಹಿಡಿದು ತೋರಿಸಿದ ಲ್ಯಾಬ್ರಡಾರಿಗೆ ಸಿಗುವ ಬಹುಮಾನ ಹಲವು ಕಡೆ ಒಂದು ಚೆಂಡು. ಆ ಚೆಂಡಿಗಾಗಿ ಅದು ಇಡೀ ನಿಲ್ದಾಣವನ್ನು ಮೂಸುತ್ತದೆ.

ಮನೆಯ ನಾಯಿ ಕೋಳಿ ತಂದರೆ? ಕೋಲು ಬೇಡ. ತಂದದ್ದಕ್ಕೆ ಏಟು ಬಿದ್ದರೆ ನಾಯಿ ತರುವುದನ್ನು ಬಿಡುವುದಿಲ್ಲ, ಹತ್ತಿರ ಬರುವುದನ್ನು ಬಿಡುತ್ತದೆ. ಆಗ ಕೋಳಿ ಹಿತ್ತಲಿನ ಮರೆಯಲ್ಲಿ ಸಾಯುತ್ತದೆ. ಕಿತ್ತುಕೊಳ್ಳಲೂ ಹೋಗಬಾರದು, ಎಳೆದಷ್ಟೂ ಹಲ್ಲು ಬಿಗಿಯುತ್ತದೆ. ಕುಳಿತು, ಗದ್ದದ ಕೆಳಗೆ ಅಂಗೈ ಒಡ್ಡಿ, ಮೆಲ್ಲಗೆ ‘ಕೊಡು’ ಎಂದು, ಮೂಗಿನ ಮುಂದೆ ಒಂದು ಚೂರು ರೊಟ್ಟಿ ಹಿಡಿಯಬೇಕು. ಕೋಳಿ ಕೈಗೆ ಬಂದ ಮೇಲೆ ನಾಯಿಯ ಮುಂದೆ ಹಳೆಯ ಚೆಂಡೊಂದನ್ನು ಎಸೆದು, ಪಕ್ಕದ ಮನೆಗೆ ಹೋಗಿ ಹ್ಯಾಟೆಯನ್ನು ಒಪ್ಪಿಸಿ ಬರುವುದು.