ಬೂಸ್ಟರ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತೇ?

‘ಬೂಸ್ಟರ್ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು, ಆದರೂ ನಮಗೆ ಚುಚ್ಚಿದರು.’ ಇಂಥ ಮಾತು ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಅದಕ್ಕೇ ಜನ ನಂಬುತ್ತಾರೆ.

2021ರ ಆಗಸ್ಟ್ 4ರಂದು ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್, ಬೂಸ್ಟರ್ ಡೋಸ್‌ಗಳನ್ನು ಕನಿಷ್ಠ ಸೆಪ್ಟೆಂಬರ್ ಕೊನೆಯವರೆಗೆ ತಡೆಹಿಡಿಯಿರಿ ಎಂದು ಕೇಳಿಕೊಂಡದ್ದು ಹೌದು. ಆಮೇಲೆ ಆ ಗಡುವನ್ನು ವರ್ಷದ ಕೊನೆಯವರೆಗೂ ಮುಂದೂಡಿದರು. ಕಾರಣ ಲಸಿಕೆಯ ಅಪಾಯವಲ್ಲ, ಸರದಿ. ಆಗ ಶ್ರೀಮಂತ ದೇಶಗಳಲ್ಲಿ 100 ಜನರಿಗೆ ಸುಮಾರು 100 ಡೋಸ್ ಹಾಕಿ ಆಗಿತ್ತು. ಕಡುಬಡ ದೇಶಗಳಲ್ಲಿ 100 ಜನರಿಗೆ ಒಂದೂವರೆ ಡೋಸ್! ಇಸ್ರೇಲ್‌ನಲ್ಲಿ 60 ದಾಟಿದವರಿಗೆ ಮೂರನೇ ಡೋಸ್ ಶುರುವಾಗಿದ್ದಾಗ, ಬಡ ದೇಶಗಳ ಎಷ್ಟೋ ನರ್ಸ್‌ಗಳಿಗೆ ಮೊದಲನೆಯದೇ ಸಿಕ್ಕಿರಲಿಲ್ಲ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಹೆಚ್ಚುವರಿ ಡೋಸ್ ಕೊಡಲು ಸಂಸ್ಥೆಯ ಆಕ್ಷೇಪವೂ ಇರಲಿಲ್ಲ.

ಹಾಗಾದರೆ ಬೂಸ್ಟರ್ ದಂಡವೇ? ಅಲ್ಲ. ತಿಂಗಳುಗಳು ಕಳೆದಂತೆ ಸೋಂಕು ತಡೆಯುವ ಶಕ್ತಿ ಇಳಿಯುತ್ತದೆ. ಕಾಯಿಲೆ ಗಂಭೀರವಾಗದಂತೆ ಕಾಯುವ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಮೂರನೇ ಡೋಸ್‌ನ ಲಾಭ ವಯಸ್ಸಾದವರಿಗೆ ಹೆಚ್ಚು, ಆರೋಗ್ಯವಂತ ಯುವಕರಿಗೆ ಕಡಿಮೆ. ಒಂದೂ ಡೋಸ್ ಇಲ್ಲದವರಿಗೆ ಮೊದಲೆರಡು ಡೋಸ್‌ಗಳಿಂದ ಆಗುವ ಲಾಭ ಇದಕ್ಕಿಂತ ಬಹಳ ದೊಡ್ಡದು. ವಾದ ಇದ್ದದ್ದು ಇಷ್ಟೇ.

ಈ ಕಥೆಯಲ್ಲಿ ನಾವೂ ಇದ್ದೇವೆ. ಬಡ ದೇಶಗಳಿಗೆ ಲಸಿಕೆ ತಲುಪಿಸುವ ಕೋವ್ಯಾಕ್ಸ್ ಯೋಜನೆ ಬಹುಪಾಲು ನೆಚ್ಚಿಕೊಂಡಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟನ್ನು. ಎರಡನೇ ಅಲೆ ಬಂದಾಗ ಭಾರತ ರಫ್ತು ನಿಲ್ಲಿಸಿತು. ಇಲ್ಲಿ ಆಕ್ಸಿಜನ್‌ಗೇ ಪರದಾಡುತ್ತಿದ್ದಾಗ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದರ ಬಿಸಿ ಆಫ್ರಿಕಾಕ್ಕೆ ತಟ್ಟಿತು. ನಮ್ಮಲ್ಲಿ ‘ಮುನ್ನೆಚ್ಚರಿಕೆ ಡೋಸ್’ ಶುರುವಾದದ್ದು 2022ರ ಜನವರಿ 10ರಂದು, ಅದೂ ಮೊದಲು ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಮತ್ತು ಬೇರೆ ಕಾಯಿಲೆಗಳಿರುವ 60 ದಾಟಿದವರಿಗೆ.

ಬೂಸ್ಟರ್ ಹಾಕಿಸಿಕೊಂಡ ನಿಮ್ಮ ಅಜ್ಜಿ ಯಾರ ಪಾಲನ್ನೂ ಕಸಿಯಲಿಲ್ಲ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅವರು ಬೇಡ ಎಂದಿದ್ದರೆ ಅದು ಆಫ್ರಿಕಾಕ್ಕೆ ಹೋಗುತ್ತಿರಲಿಲ್ಲ. ಪಾಲು ನಿರ್ಧಾರವಾಗಿದ್ದು ಸರ್ಕಾರಗಳು ಮುಂಗಡ ಕಾದಿರಿಸಿದಾಗ. ಶ್ರೀಮಂತ ದೇಶಗಳು ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಟ್ಟು, ಉಳಿದದ್ದನ್ನು ತಡವಾಗಿ ದಾನ ಮಾಡಿದವು. 2021ರ ಡಿಸೆಂಬರ್‌ನಲ್ಲಿ ನೈಜೀರಿಯಾ ಅವಧಿ ಮೀರಿದ 10 ಲಕ್ಷಕ್ಕೂ ಹೆಚ್ಚು ಡೋಸ್‌ಗಳನ್ನು ನಾಶ ಮಾಡಬೇಕಾಯಿತು. ಅವು ಕೈಗೆ ಬರುವಾಗಲೇ ಎಕ್ಸ್‌ಪೈರಿ ದಿನಾಂಕ ಹತ್ತಿರವಾಗಿತ್ತು.