ಮೋಡದಲ್ಲಿಟ್ಟ ಗಂಟು

“ಅಲ್ಲ ಕಣೋ, ಎಲ್ಲಾ ಮೋಡದಲ್ಲಿ ಇಟ್ಟಿದೀನಿ ಅಂತೀಯಲ್ಲ, ಮಳೆ ಬಂದರೆ ಏನು ಗತಿ?” ಎಂದು ನನ್ನ ತಾಯಿ ಒಮ್ಮೆ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಕಂಪ್ಯೂಟರುಗಳ ನಡುವೆಯೇ ಅನ್ನ ಸಂಪಾದಿಸುತ್ತಿರುವವನು ನಾನು. ಮಲೆನಾಡಿನ ಹಳ್ಳಿಯಲ್ಲಿ ವರ್ಷದ ನಾಲ್ಕು ತಿಂಗಳು ಮಳೆಯನ್ನಲ್ಲದೆ ಬೇರೇನನ್ನೂ ಕಾಣದ ಆಕೆಯ ಪ್ರಶ್ನೆ ನನಗೆ ತಮಾಷೆಯಾಗಿ ಕಂಡದ್ದು ಸಹಜ. ಆ ನಗೆಗೆ ನಾನು ತೆತ್ತ ಬೆಲೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಷ್ಟಪಟ್ಟು ಬರೆದದ್ದನ್ನು, ಕೂಡಿಹಾಕಿದ್ದನ್ನು ಉಳಿಸಿಕೊಳ್ಳಬೇಕೆನ್ನುವ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದು ಕೆಲಸಕ್ಕೆ ಬಂದೀತು.

ಕ್ಲೌಡ್ ಎಂಬ ಹೆಸರು ಹುಟ್ಟಿದ್ದು ಎಂಜಿನಿಯರುಗಳ ನಕ್ಷೆಗಳಲ್ಲಿ. ಸಂಪರ್ಕಜಾಲದ ಒಳವಿವರಗಳನ್ನು ತೋರಿಸುವ ಅಗತ್ಯವಿಲ್ಲದ ಕಡೆ ಅವರು ಒಂದು ಮೋಡದ ಆಕಾರವನ್ನು ಗೀಚಿ ಮುಂದುವರಿಯುತ್ತಿದ್ದರು. ಹೆಸರು ಆಕಾಶದ್ದಾದರೂ ವಸ್ತು ನೆಲದ್ದೇ. ದೊಡ್ಡ ಕಟ್ಟಡ, ಅದರೊಳಗೆ ಸಾಲುಸಾಲಾಗಿ ಯಂತ್ರಗಳು, ಹಗಲಿರುಳು ವಿದ್ಯುತ್ತು, ಯಂತ್ರಗಳ ಕಾವನ್ನು ಇಳಿಸುವ ಏರ್ಪಾಡು: ಇಷ್ಟೂ ಸೇರಿ ನಮ್ಮ ಮೋಡ. ಅಮೆಜಾನ್ ಕಂಪನಿ ಇಂಥ ಉಗ್ರಾಣವನ್ನು ೨೦೦೬ರ ಮಾರ್ಚ್ ತಿಂಗಳಲ್ಲಿ ಬಾಡಿಗೆಗೆ ತೆರೆಯಿತು. ೨೦೧೬ರಲ್ಲಿ ಅದು ಮುಂಬಯಿಗೂ ಬಂತು. ಇಲ್ಲಿ ಒಂದು ಡಿಸ್ಕು ಕೆಟ್ಟರೂ ನಷ್ಟವಾಗದಂತೆ ಅದರಲ್ಲಿದ್ದುದನ್ನು ಬೇರೆ ಡಿಸ್ಕುಗಳಲ್ಲಿಯೂ ಬರೆದಿಟ್ಟಿರುತ್ತಾರೆ. ಯಂತ್ರದ ದೋಷದಿಂದ ನಮ್ಮನ್ನು ಕಾಪಾಡುವುದಕ್ಕೆ ಇದು ಸಾಕಷ್ಟು ಭದ್ರವಾದ ವ್ಯವಸ್ಥೆ. ಆದರೆ ನಮ್ಮ ಕೈಯ ದೋಷಕ್ಕೆ ಅದರಲ್ಲಿ ಮದ್ದಿಲ್ಲವೆಂಬುದನ್ನು ನಾನು ತಿಳಿದೂ ಮರೆತಿದ್ದೆ.

ನಮ್ಮ ತಂದೆಯವರು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು; ಗಮಕ ಬಲ್ಲವರು. ಸಂಜೆ ಜಗಲಿಯ ಮೇಲೆ ಕುಳಿತು ಕುಮಾರವ್ಯಾಸ ಭಾರತವನ್ನು ಹಾಡುವುದು ಅವರ ನಿತ್ಯದ ಕ್ರಮ. ಅವರ ಕೊನೆಯ ವರ್ಷದಲ್ಲಿ ಊರಿಗೆ ಹೋದಾಗಲೆಲ್ಲ ಅದನ್ನು ನನ್ನ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ. ಒಟ್ಟು ೪೧ ವಾಚನಗಳಾದವು. ಅವು ಫೋನಿನಲ್ಲಿದ್ದವು, ಕ್ಲೌಡಿನಲ್ಲಿದ್ದವು, ಲ್ಯಾಪ್‌ಟಾಪಿನಲ್ಲಿಯೂ ಇದ್ದವು. ಮೂರು ಕಡೆ ಇರುವಾಗ ಭಯವೇನು ಎಂದುಕೊಂಡೆ. ಅವರು ತೀರಿಕೊಂಡ ಮೇಲೆ ಒಂದು ದಿನ, ಫೋನಿನಲ್ಲಿ ಜಾಗ ಸಾಲದೆಂದು, ಆ ಕಡತಗಳನ್ನು ಫೋನಿನಿಂದ ಅಳಿಸಿದೆ. ಮೂರು ತಿಂಗಳ ನಂತರ ಅವರ ವರ್ಷಾಬ್ದಿಕಕ್ಕೆ ಊರಿಗೆ ಹೋದಾಗ ತಾಯಿ, “ಕರ್ಣಪರ್ವ ಓದಿದ್ದರಲ್ಲ, ಅದನ್ನು ಹಾಕು; ನನ್ನ ಹತ್ತಿರ ಅದಿಲ್ಲ” ಎಂದರು. ಲ್ಯಾಪ್‌ಟಾಪು ತೆರೆದೆ, ಬರಿದಾಗಿತ್ತು. ಕ್ಲೌಡಿನಲ್ಲಿ ನೋಡಿದೆ, ಅಲ್ಲಿಯೂ ಬರಿದು. ಅಳಿಸಿದ್ದನ್ನು ಅಲ್ಲಿನ ಕಸದ ಬುಟ್ಟಿ ಮೂವತ್ತು ದಿನ ಕಾಯ್ದಿಟ್ಟು ಆಮೇಲೆ ತಾನೇ ಚೆಲ್ಲಿತ್ತು.

ನಡೆದದ್ದು ಇಷ್ಟೆ. ನಾನು ಮೂರು ಪ್ರತಿಗಳೆಂದು ತಿಳಿದದ್ದು ನಿಜವಾಗಿ ಒಂದೇ ಪ್ರತಿ, ಮೂರು ಕನ್ನಡಿಗಳಲ್ಲಿ ಕಂಡಂತೆ. ಸಿಂಕ್ ಎಂಬ ಈ ಏರ್ಪಾಡಿನ ಧರ್ಮವೇ ಅದು: ಒಂದು ಕಡೆ ಸೇರಿಸಿದ್ದು ಎಲ್ಲ ಕಡೆ ಸೇರುತ್ತದೆ, ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಅದು ನನ್ನ ಅಪ್ಪಣೆಯನ್ನು ಚಾಚೂ ತಪ್ಪದೆ ನಡೆಸಿತು. ಬ್ಯಾಕಪ್ ಎಂಬುದು ಬೇರೆಯೇ ವಸ್ತು. ಮೂಲದಲ್ಲಿ ನಾವು ಮಾಡಿದ ತಪ್ಪು ತಲುಪಲಾರದಷ್ಟು ದೂರದಲ್ಲಿರುವ ಪ್ರತಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ಇಂಥ ತಪ್ಪು ನನ್ನೊಬ್ಬನದಲ್ಲ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಬಹುಭಾಗ ಮಾಯವಾಯಿತು. ಬ್ಯಾಕಪ್ಪನ್ನು ತೆರೆದರೆ ಅದೂ ಸರಿಯಾಗಿ ದಾಖಲಾಗಿರಲಿಲ್ಲ. ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆ ಬಾಣಂತನದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ತನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದಳು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದರು, ಚಿತ್ರ ಬದುಕಿತು.

ನನಗೂ ಅಂಥದೇ ಒಂದು ಆಸರೆ ದೊರೆಯಿತು, ಪೂರ್ತಿಯಾಗಿ ಅಲ್ಲದಿದ್ದರೂ. ತಂದೆಯವರು ಬದುಕಿದ್ದಾಗಲೇ ನನ್ನ ಹಳೆಯ ಫೋನೊಂದಕ್ಕೆ ೧೧ ವಾಚನಗಳನ್ನು ತುಂಬಿ ತಾಯಿಗೆ ಕೊಟ್ಟಿದ್ದೆ. ಅದರಲ್ಲಿ ಸಿಮ್ಮಿಲ್ಲ, ಇಂಟರ್ನೆಟ್ಟಿಲ್ಲ. ಅಡಕೆಯ ತಟ್ಟೆಯ ಪಕ್ಕದಲ್ಲಿ ಬಿದ್ದುಕೊಂಡಿದ್ದ ಆ ಫೋನು ಯಾವ ಮೋಡಕ್ಕೂ ಸೇರಿರದಿದ್ದುದರಿಂದ ನನ್ನ ಆಜ್ಞೆ ಅದನ್ನು ಮುಟ್ಟಲಿಲ್ಲ. ಹನ್ನೊಂದು ಉಳಿದವು. ಉಳಿದ ಮೂವತ್ತು, ಕರ್ಣಪರ್ವವೂ ಸೇರಿ, ಹೋದವು.

ನಮ್ಮ ಹಿರಿಯರು ಈ ಪಾಠವನ್ನು ಓಲೆಗರಿಯಲ್ಲಿಯೇ ಕಲಿತಿದ್ದರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದನ್ನು ಸಾಹಿತ್ಯ ಚರಿತ್ರೆಯಲ್ಲಿ ಓದಿದ್ದೇವೆ. ಗೆದ್ದಲು ಒಂದು ಮನೆಯ ಓಲೆಯನ್ನು ತಿಂದರೆ ಇನ್ನೊಂದು ಊರಿನ ಬಸದಿಯಲ್ಲಿ ಅದು ಉಳಿದಿರುತ್ತಿತ್ತು. ಪ್ರತಿಗಳು ಹಲವಾಗಿದ್ದುದರ ಜೊತೆಗೆ ಹಲವು ಊರುಗಳಲ್ಲಿ, ಹಲವರ ಕೈಯಲ್ಲಿ ಇದ್ದುದೇ ಅವುಗಳ ಬಲ.

ಈ ವಿವೇಕವನ್ನು ಮರೆತರೆ ಸರ್ಕಾರಗಳೂ ಸೋಲುತ್ತವೆ. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಅಲ್ಲಿನ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣದ ೮೫೮ ಟೆರಾಬೈಟ್ ದತ್ತಾಂಶ ಅದರಲ್ಲಿ ನಾಶವಾಯಿತು. ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ.

ಆದ್ದರಿಂದ ನಮ್ಮ ವೃತ್ತಿಯವರು ‘ಮೂರು–ಎರಡು–ಒಂದು’ ಎಂಬ ಸೂತ್ರವನ್ನು ಹೇಳುತ್ತಾರೆ: ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಅನುಭವದಿಂದ ಇದಕ್ಕೆ ಮೂರು ಮಾತು ಸೇರಿಸುತ್ತೇನೆ. ಪೆನ್‌ಡ್ರೈವನ್ನು ಬಹುಕಾಲದ ಸಂಗ್ರಹಕ್ಕೆ ನೆಚ್ಚಬಾರದು. ಅದರಲ್ಲಿ ಅಕ್ಷರಗಳು ನಿಂತಿರುವುದು ಸೂಕ್ಷ್ಮ ವಿದ್ಯುದಂಶಗಳ ಮೇಲೆ, ಅವು ವರ್ಷಗಳು ಕಳೆದಂತೆ ಸೋರಿಹೋಗಬಲ್ಲವು. ಎರಡನೆಯದು, ಕ್ಲೌಡಿನ ಬೀಗದಕೈ ಫೋನೊಂದರಲ್ಲೇ ಇರಬಾರದು. ಫೋನು ಕಳೆದ ದಿನ ಗುಟ್ಟಿನ ಸಂಖ್ಯೆಯೂ ಅದಕ್ಕೇ ಬರುತ್ತದಾದ್ದರಿಂದ ನಮ್ಮ ಮನೆಗೆ ನಾವೇ ಹೊರಗಿನವರಾಗುತ್ತೇವೆ. ಖಾತೆ ಮರಳಿ ಪಡೆಯುವ ಸಂಕೇತಗಳನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಡುವುದು ಲೇಸು. ಮೂರನೆಯದು, ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬಾರದು.

ಈಗ ಆ ಹನ್ನೊಂದು ವಾಚನಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ, ಕ್ಲೌಡಿನಲ್ಲಿವೆ, ಊರಿನ ಬೀರುವಿನಲ್ಲಿರುವ ಹಾರ್ಡ್‌ಡಿಸ್ಕಿನಲ್ಲಿವೆ. ಡಿಸ್ಕಿಗೆ ವರ್ಷದ ಬಹುಕಾಲ ಯಾವ ತಂತಿಯ ಸಂಬಂಧವೂ ಇಲ್ಲ. ಊರಿಗೆ ಹೋದಾಗಲೆಲ್ಲ ಅದನ್ನು ಹೊರತೆಗೆದು ಒಂದು ವಾಚನವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ನೋಡುತ್ತೇನೆ. ನನಗೆ ಅದು ಪರೀಕ್ಷೆ. ತಾಯಿಗೆ ಅದು ಸಂಜೆ. ಕಳೆದ ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ತಂದೆಯವರ ದನಿ ಮುಗಿಯುವವರೆಗೆ ಆಕೆ ಏನೂ ಮಾತಾಡದೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಆಮೇಲೆ, “ಎಲ್ಲಾ ಇದೆಯೇನೋ?” ಎಂದರು. “ಹನ್ನೊಂದೂ ಇದೆ, ಅಮ್ಮ” ಎಂದೆ. ಕರ್ಣಪರ್ವದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.