ನೀರೆತ್ತುವ ಹಳೆಯ ಆಯಿಲ್ ಇಂಜಿನಿನಲ್ಲಿ ಟ್ಯಾಪೆಟ್ಟಿನ ಸದ್ದು: ಅದರ ಕಾರಣವೂ ಪರಿಹಾರವೂ

ಬಾವಿ ಹೊಳೆಗಳಿಂದ ನೀರೆತ್ತುವುದಕ್ಕಾಗಿ ನಿಮಿಷಕ್ಕೆ 650 ಸುತ್ತು ತಿರುಗುವ, ಒಂದೇ ಸಿಲಿಂಡರುಳ್ಳ, ದೊಡ್ಡ ಗಾಲಿಗಳ ಡೀಸೆಲ್ ಇಂಜಿನುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಇಂಗ್ಲೆಂಡಿನ ಲಿಸ್ಟರ್ ಕಂಪೆನಿಯವರು 1930ರ ಸುಮಾರಿಗೆ ಹೊರತಂದ ಮಾದರಿಯನ್ನನುಸರಿಸಿ ಇಂಥವು ಗುಜರಾತಿನ ರಾಜಕೋಟೆಯಲ್ಲಿಯೂ ಹೇರಳವಾಗಿ ತಯಾರಾದುವು. ಇವು ಹಳತಾದಂತೆ ತಲೆಯ ಭಾಗದಲ್ಲಿ 'ಟಕ್ ಟಕ್' ಎಂಬ ಸದ್ದು ಹುಟ್ಟುವುದುಂಟು. ಇದನ್ನು ಅಲಕ್ಷ್ಯಮಾಡಿದರೆ ಬೇಸಗೆಯ ನಡುವೆ, ಪೈರಿಗೆ ನೀರು ಅತ್ಯವಶ್ಯವಾದ ದಿನವೇ ಇಂಜಿನು ನಿಂತುಹೋಗಬಹುದು. ಆದಕಾರಣ ಇದರ ವಿಚಾರವನ್ನು ಇಂಜಿನು ಇರಿಸಿಕೊಂಡವರೆಲ್ಲರೂ ತಿಳಿದಿರುವುದು ಯೋಗ್ಯವು.

1. ಸದ್ದು ಹುಟ್ಟುವ ಬಗೆ

ಗಾಳಿಯನ್ನು ಒಳಕ್ಕೆ ಬಿಡಲು ಒಂದು, ಹೊಗೆಯನ್ನು ಹೊರಕ್ಕೆ ಕಳುಹಿಸಲು ಒಂದು, ಹೀಗೆ ಎರಡು ಕವಾಟಗಳಿರುತ್ತವೆ. ಕ್ಯಾಮ್ ಎಂಬ ಉಬ್ಬುಗಾಲಿಯು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್‌ರಾಡನ್ನು, ಅದು ರಾಕರನ್ನು ಎತ್ತಲು, ರಾಕರು ಕವಾಟವನ್ನು ಒತ್ತಿ ತೆರೆಯುತ್ತದೆ. ಗಾಲಿಯ ಎರಡು ಸುತ್ತಿಗೆ ಒಂದಾವರ್ತಿಯಂತೆ ಪ್ರತಿಯೊಂದು ಕವಾಟವೂ ನಿಮಿಷಕ್ಕೆ 325 ಸಲ, ಗಂಟೆಗೆ 19,500 ಸಲ ತೆರೆಯುವುದು. ಕಾದಾಗ ಕವಾಟದ ಕಾಂಡವು ಉದ್ದವಾಗುವುದರಿಂದ ರಾಕರಿಗೂ ಕಾಂಡಕ್ಕೂ ನಡುವೆ ಕೂದಲೆಳೆಯಷ್ಟು ಸಂದನ್ನು ಬಿಟ್ಟಿರುತ್ತಾರೆ. ಸವೆತದಿಂದಲೋ ಲಾಕ್ ನಟ್ಟು ಸಡಿಲವಾದುದರಿಂದಲೋ ಈ ಸಂದು ಹಿಗ್ಗಿದರೆ ರಾಕರು ಕಾಂಡವನ್ನು ಒತ್ತುವ ಬದಲು ಬಡಿಯತೊಡಗುವುದು.

2. ಗುರುತಿಸುವ ಕ್ರಮ

ಟ್ಯಾಪೆಟ್ಟಿನ ಸದ್ದು ಹಗುರವೂ ತೀಕ್ಷ್ಣವೂ ಆಗಿರುವುದು. ಬೇರಿಂಗಿನ ಹೊಡೆತವು ಭಾರವಾಗಿ ಕೆಳಗಿನಿಂದ ಕೇಳಿಬರುವುದು. ಉದ್ದವಾದ ಮರದ ಕೋಲಿನ ಒಂದು ತುದಿಯನ್ನು ಇಂಜಿನಿನ ತಲೆಗೆ, ಇನ್ನೊಂದನ್ನು ಕಿವಿಗೆ ಹಿಡಿದರೆ ಸ್ಥಳವು ಗೊತ್ತಾಗುವುದು. ಹೀಗೆ ಮಾಡುವಾಗ ಬಟ್ಟೆಯ ಸೆರಗು ಗಾಲಿಗೆ ಸಿಕ್ಕಕೂಡದು. ಅನಂತರ ಎಣ್ಣೆಯನ್ನು ನಿಲ್ಲಿಸಿ, ಗಾಲಿಯು ತನ್ನ ವೇಗದಿಂದ ತಿರುಗುತ್ತಿರುವಾಗ ಕೇಳತಕ್ಕದ್ದು. ಉರಿಯುವಿಕೆಯಿಂದಾದ ಬಡಿತವು ಕೂಡಲೇ ನಿಲ್ಲುವುದು. ಟ್ಯಾಪೆಟ್ಟಿನದು ಗಾಲಿ ನಿಲ್ಲುವವರೆಗೂ ಇರುವುದು.

3. ಸಂದನ್ನು ಸರಿಪಡಿಸುವ ಕ್ರಮ

ತಯಾರಕರ ಪುಸ್ತಕದಲ್ಲಿ ಬೇರೆ ವಿಧವಾಗಿ ಹೇಳಿಲ್ಲದಿದ್ದರೆ ಇಂಜಿನು ಪೂರ್ತಿಯಾಗಿ ಆರಿದ ಮೇಲೆ ಈ ಕೆಲಸವನ್ನು ಮಾಡತಕ್ಕದ್ದು.

(ಅ) ಎಣ್ಣೆಯನ್ನು ನಿಲ್ಲಿಸಿ, ಗಾಲಿಯನ್ನು ಅದು ಓಡುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಬೇಕು. ಗಾಳಿಯ ಕವಾಟವು ತೆರೆದು ಮುಚ್ಚಿದ ಬಳಿಕ, ಪಿಸ್ಟನ್ನು ಮೇಲ್ತುದಿಗೆ ಬರುವವರೆಗೆ ತಿರುಗಿಸಿ ನಿಲ್ಲಿಸಬೇಕು. ಆಗ ಎರಡು ಕವಾಟಗಳೂ ಮುಚ್ಚಿರುವುವು.

(ಆ) ಸುಲಭವಾಗಿ ತಿರುಗಲೆಂದು ಕವಾಟವನ್ನು ಎತ್ತಿಹಿಡಿಯುವ ಸನ್ನೆಯಿದ್ದರೆ ಅದನ್ನು ಮರೆಯದೆ ಬಿಡಿಸಬೇಕು. ಇಲ್ಲವಾದರೆ ಅಳತೆಯು ಸುಳ್ಳಾಗುವುದು.

(ಇ) ಪುಸ್ತಕದಲ್ಲಿ ಹೇಳಿದ ದಪ್ಪದ ಫೀಲರ್ ಗೇಜಿನ ತಗಡನ್ನು ಸಂದಿನಲ್ಲಿಟ್ಟು, ಲಾಕ್ ನಟ್ಟನ್ನು ಸಡಿಲಿಸಿ, ತಗಡು ಸ್ವಲ್ಪ ಬಿಗಿಯಾಗಿ ಸರಿದಾಡುವಂತೆ ಸ್ಕ್ರೂವನ್ನು ತಿರುಗಿಸಬೇಕು. ಅಂಗುಲದ ಸಾವಿರದ ಹತ್ತು ಪಾಲೆಂದರೆ ಸುಮಾರು 0.25 ಮಿಲಿಮೀಟರು.

(ಈ) ಲಾಕ್ ನಟ್ಟನ್ನು ಬಿಗಿದ ಮೇಲೆ ಪುನಃ ಅಳೆಯಬೇಕು; ಬಿಗಿಯುವಾಗ ಸಂದು ಬದಲಾಗುವುದುಂಟು.

ಸದ್ದೇ ಇರಕೂಡದೆಂದು ಸಂದನ್ನು ಪೂರ್ತಿಯಾಗಿ ಮುಚ್ಚುವುದು ದೊಡ್ಡ ತಪ್ಪು. ಆಗ ಕಾದ ಕವಾಟವು ತನ್ನ ಪೀಠದ ಮೇಲೆ ಕೂರದೆ ಸುಟ್ಟು ಕೆಡುವುದು. ಒತ್ತಡವು ಸೋರಿ ಇಂಜಿನು ಹೊರಡುವುದೇ ಕಷ್ಟವಾಗುವುದು. ಸದ್ದಿಗಿಂತ ಈ ನಿಶ್ಶಬ್ದವೇ ಹೆಚ್ಚು ನಷ್ಟಕರ.

4. ಆದರೂ ಸದ್ದು ನಿಲ್ಲದಿದ್ದರೆ

ರಾಕರಿನ ಮೂತಿಯಲ್ಲಿ ಗುಳಿ ಬಿದ್ದಿದ್ದರೆ ತಗಡು ಗುಳಿಯ ಮೇಲೆ ಸೇತುವೆಯಂತೆ ನಿಂತು, ಸಂದು ಇರುವುದಕ್ಕಿಂತ ಕಡಮೆ ತೋರುವುದು. ಅಂಥ ಮೂತಿಯನ್ನು ಸಾಣೆಹಿಡಿಸಬೇಕು, ಇಲ್ಲವೆ ರಾಕರನ್ನು ಬದಲಾಯಿಸಬೇಕು. ರಾಕರಿನ ಬುಷ್ಷು ಒಣಗಿದ್ದರೆ ಎಣ್ಣೆ ಹಾಕಬೇಕು. ಸವೆದು ಅಲುಗುತ್ತಿದ್ದರೆ ಹೊಸದನ್ನು ಹಾಕಿಸಬೇಕು. ಪುಷ್‌ರಾಡನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಅದರ ಡೊಂಕು ತಿಳಿಯುವುದು. ಕವಾಟವು ಮಸಿಯಿಂದ ಅಂಟುತ್ತಿದ್ದರೆ ತಲೆಯನ್ನು ಬಿಚ್ಚಿಸಿ ಶುದ್ಧಮಾಡಿಸಬೇಕು. ಸ್ಪ್ರಿಂಗು ಬಿರುಕುಬಿಟ್ಟಿದ್ದರೆ ಇಂಜಿನನ್ನು ಒಂದು ಗಳಿಗೆಯೂ ನಡೆಸಕೂಡದು. ಕವಾಟವು ಒಳಗೆ ಬಿದ್ದರೆ ಪಿಸ್ಟನ್ನು ಒಡೆಯುವುದು.

ದೋಣಿಗಳ ಮತ್ತು ಮೋಟಾರುಗಳ ಕೆಲವು ಇಂಜಿನುಗಳಲ್ಲಿ ಟ್ಯಾಪೆಟ್ಟಿನೊಳಗೆ ಎಣ್ಣೆಯೇ ತುಂಬಿ ಸಂದನ್ನು ತಾನಾಗಿ ಮುಚ್ಚುವ ಏರ್ಪಾಡುಂಟು. ಅವುಗಳಲ್ಲಿ ಸದ್ದು ಬಂದರೆ ಎಣ್ಣೆಯ ಮಟ್ಟವನ್ನೂ ಶುದ್ಧತೆಯನ್ನೂ ಒತ್ತಡವನ್ನೂ ಮೊದಲು ಪರೀಕ್ಷಿಸತಕ್ಕದ್ದು. ಮೇಲೆ ಹೇಳಿದ ಕ್ರಮವು ಅವುಗಳಿಗೆ ಸಲ್ಲದು.

5. ಮುನ್ನೆಚ್ಚರಿಕೆ

ರಾಕರುಗಳಿಗೆ ಕೈಯಿಂದ ಎಣ್ಣೆ ಹಾಕುವ ಇಂಜಿನುಗಳಲ್ಲಿ ಪ್ರತಿದಿನವೂ ಹೊರಡಿಸುವ ಮುನ್ನ ಎಣ್ಣೆ ಹಾಕಬೇಕು. ಒಳಗಿನ ಎಣ್ಣೆಯನ್ನು ಹೇಳಿದ ಅವಧಿಗೆ ಬದಲಾಯಿಸಬೇಕು. ನೀರಾವರಿಯ ಕಾಲ ಬರುವುದಕ್ಕೆ ಮೊದಲೇ ಸಂದನ್ನು ಅಳೆದಿಟ್ಟುಕೊಳ್ಳುವುದು ಲೇಸು. ಗ್ರಾಮದ ಮುಖ್ಯಸ್ಥರು ಒಂದು ಫೀಲರ್ ಗೇಜನ್ನು ಊರಿಗೆಲ್ಲ ಉಪಯೋಗವಾಗುವಂತೆ ತರಿಸಿ ಇರಿಸಿದರೆ, ಅಲ್ಪ ವೆಚ್ಚದಿಂದ ಅನೇಕರ ಪೈರು ಉಳಿಯುವುದು.